ಹಳದಿಗೆ ತಿರುಗಿದ ರಂಗೋಲಿ

“ಮಗನಿಗೆ ಮೀಸೆ ಚಿಗುರೋವರೆಗೂ ಹಾಲೂಡಿಸಿದೆ ಕಣೇ! ಇನ್ನೊಂದು ಬಸಿರು ನಮ್ಮ ಬೀದಿಗೇ ಕಾಲಿಡಲಿಲ್ಲ,” ಎಂದು ಪದ್ದಕ್ಕ ಎಂದಿನಂತೆ ಕೊಚ್ಚಿಕೊಂಡಳು.

ಬಸುರಿಯ ಕೈಯಿಂದ ಬಿದ್ದ ರಂಗೋಲಿ ಹಳದಿಗೆ ತಿರುಗುವುದು ಆ ಊರಿನಲ್ಲಿ ಸೋಜಿಗವಲ್ಲ. ಅಂಥ ಬಾಗಿಲಿಗೆ ಹಾಲಿನವನು ಕೇಳದೆಯೇ ಹೆಚ್ಚು ಹಾಲು ಹಾಕುತ್ತಿದ್ದ. ಪಕ್ಕದ ಮನೆಯ ಇಂದುಮತಿ ಮಾತ್ರ ಹೆದರುತ್ತಲೇ ತನ್ನ ಬಾಗಿಲಲ್ಲಿ ರಂಗೋಲಿ ಎಳೆಯುತ್ತಿದ್ದಳು. ಹೆರಿಗೆಯಾಗಿ ಇಷ್ಟು ಬೇಗ ಇನ್ನೊಂದಾದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಎಚ್ಚರಿಸಿದ್ದರು. ಮಗು ರಾಗಿಸರಿ ತಿನ್ನತೊಡಗಿದ್ದರೂ, ಹಾಲೂಡಿಸುತ್ತಿರುವವರೆಗೆ ಭಯವಿಲ್ಲವೆಂಬ ಪದ್ದಕ್ಕನ ಮಾತನ್ನೇ ಅವಳು ನಂಬಿದ್ದಳು.

ಪುಡಿ ಬಿಳಿಯಾಗಿಯೇ ಇತ್ತು. ಪದ್ದಕ್ಕ ನಿಟ್ಟುಸಿರು ಬಿಡುವಷ್ಟರಲ್ಲಿ ನಡುವಿನ ಹೂವು ಹಳದಿಯಾಯಿತು.

“ಪದ್ದಕ್ಕಾ, ನಿಮ್ಮ ಮಗನಾಣೆ, ನಿಜ ಹೇಳಿ.”

ಪದ್ದಕ್ಕ ಅವಳ ಪಕ್ಕದಲ್ಲಿ ಕುಕ್ಕರಿಸಿದಳು. “ಮತ್ತೆ ಬಸಿರಾಗದ ಹಾಗೆ ಆಸ್ಪತ್ರೇಲಿ ವಂಕಿ ಹಾಕಿಸ್ಕೊಂಡಿದ್ದೆ ಕಣೇ. ಅತ್ತೆಗೆ ಹೆದರಿ ಹಾಲಿನ ಕತೆ ಕಟ್ಟಿದೆ. ಏಳು, ಡಾಕ್ಟರ ಹತ್ರ ನಾನೂ ಬರ್ತೀನಿ.”