ಒಂದು ಕಲ್ಲು ಕಮ್ಮಿ

"ಕೊಡೇ ಇಲ್ಲಿ, ಇವತ್ತಿಂದ ನಾನೇ ಓದ್ಕೋತೀನಿ" ಎಂದು ಹನುಮಮ್ಮ ಗೆಳತಿ ಅರುಣಾಳ ಬ್ಯಾಗಿಗೆ ಕೈಹಾಕಿ ಕಾದಂಬರಿಯನ್ನು ಎಳೆದುಕೊಂಡಾಗ ಬಸ್ಸು ಇನ್ನೂ ಅರಸೀಕೆರೆ ನಿಲ್ದಾಣ ಬಿಟ್ಟಿರಲಿಲ್ಲ. ಹನುಮಮ್ಮ ಕಣ್ಣಿನ ಪೊರೆ ತೆಗೆಸಿಕೊಂಡು, ತಿಂಗಳ ರಜೆ ಮುಗಿಸಿ, ಹೊಸ ಕನ್ನಡಕದೊಂದಿಗೆ ಇವತ್ತೇ ಕೆಲಸಕ್ಕೆ ಹೊರಟಿದ್ದಳು. ಗೆಳತಿಗೆ ಕಣ್ಣು ಬಂತೆಂದು ಹಾಲು ಕುಡಿದಷ್ಟು ಸಂತೋಷಪಡಬೇಕಾದ ಅರುಣಾ, ಆ ಕನ್ನಡಕ ಇನ್ನೊಂದು ವಾರ ತಡವಾಗಿ ಬರಬಾರದಿತ್ತೇ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತನಗೆ ತಾನೇ ನಾಚಿಕೊಂಡಳು.

ಇಬ್ಬರೂ ಹಳೇಬೀಡಿನ ಒಂದೇ ಕಚೇರಿಯಲ್ಲಿ ಗುಮಾಸ್ತೆಯರು. ಬಸ್ಸಿನಲ್ಲೂ ದಿನಾ ಅದೇ ಸೀಟು. ಹನುಮಮ್ಮನಿಗೆ ಅಕ್ಷರ ಮಂಜಾದ ಮೇಲೆ ಅರುಣಾ ಅವಳಿಗಾಗಿ ಗಟ್ಟಿಯಾಗಿ ಓದತೊಡಗಿದ್ದಳು. ಇಂಜಿನ್ನಿನ ಸದ್ದಿಗೆ ದನಿ ಇನ್ನಷ್ಟು ಏರಿಸಬೇಕಾಯಿತು, ಹಾಗಾಗಿ ಅರ್ಧ ಬಸ್ಸೇ ಕೇಳತೊಡಗಿತು. ಕಾದಂಬರಿಯ ನಡುವಿಗೆ ಬರುವವರೆಗೂ ಎಲ್ಲ ಸರಿಯಾಗಿಯೇ ಇತ್ತು. ಅಲ್ಲಿ ನಾಯಕಿಯ ಗಂಡ ನಂಜುಂಡ ಎದೆನೋವು ಬಂದು ಸತ್ತುಹೋದ. ಹನುಮಮ್ಮನ ಗಂಡ ರಾಮಣ್ಣನೂ ಎದೆನೋವಿನಲ್ಲೇ ಹೋಗಿ ವರ್ಷ ತುಂಬಿರಲಿಲ್ಲ. ಆ ಪುಟ ಬಂದಾಗ ಅರುಣಾ, ಪುಸ್ತಕದಿಂದ ಕಣ್ಣು ಕೀಳದೆ, "ನಂಜುಂಡ ಎದ್ದು ಕೂತು ಬಿಸಿನೀರು ಕೇಳಿದ" ಎಂದು ಓದಿಬಿಟ್ಟಳು.

ಅಂದಿನಿಂದ ಆ ಮನುಷ್ಯನನ್ನು ಬದುಕಿಸಿಟ್ಟುಕೊಳ್ಳುವುದೇ ಅವಳಿಗೊಂದು ಕೆಲಸವಾಯಿತು. ಪುಸ್ತಕದಲ್ಲಿ ಅವನು ಹಾರ ಹಾಕಿಸಿಕೊಂಡು ಗೋಡೆ ಮೇಲಿದ್ದ. ಬಸ್ಸಿನಲ್ಲಿ ಮಾತ್ರ ಮುದ್ದೆ ಮುರಿದು ಸಾರಿಗದ್ದಿ, "ಒಂದ್ ಕಲ್ಲು ಕಮ್ಮಿ ಆಯ್ತು" ಎಂದು ಉಪ್ಪಿನ ಭರಣಿಗೆ ಕೈ ಚಾಚುತ್ತಿದ್ದ. ಕಲ್ಲುಪ್ಪಿನ ಈ ಮಾತು ಬಸ್ಸಿಗೆಲ್ಲ ಹಿಡಿಸಿಬಿಟ್ಟಿತು. ದಿನಾ ಬರುವವರಲ್ಲಿ ಯಾರಾದರೂ ಕಾಣದಿದ್ದರೆ ಕಂಡಕ್ಟರ್ ರವಿಕುಮಾರ್, "ಇವತ್ತೊಂದ್ ಕಲ್ಲು ಕಮ್ಮಿ, ರೈಟ್!" ಎಂದು ಸೀಟಿ ಊದುತ್ತಿದ್ದ.

ಈಗ ಹನುಮಮ್ಮ, ಪುಟದ ಗುರುತಿಗಿಟ್ಟಿದ್ದ ಹಳೇ ಟಿಕೆಟ್ ತೆಗೆದು ಓದತೊಡಗಿದಳು. ತುಟಿಯೂ ಅಲುಗಲಿಲ್ಲ. ಬಸ್ಸು ಅರಸೀಕೆರೆ ಬಿಟ್ಟು ದೂರ ಬಂದ ಮೇಲೆ ಪುಟಗಳನ್ನು ಹಿಂದಕ್ಕೆ ತಿರುವಿದಳು, ಇನ್ನೂ ಹಿಂದಕ್ಕೆ. ನಂಜುಂಡ ಸತ್ತ ಪುಟದಲ್ಲಿ ಅವಳ ಕೈ ನಿಂತಿತು. ಅರುಣಾಗೆ ಬಸ್ಸಿನಿಂದ ಹಾರಿಕೊಳ್ಳುವಂತಾಯಿತು.

ಹಿಂದಿನ ಸೀಟಿನಿಂದ ತೆಂಗಿನಕಾಯಿ ವ್ಯಾಪಾರದ ಗಿಡ್ಡಯ್ಯ ಕತ್ತು ಚಾಚಿದ. "ಏನ್ರಮ್ಮಾ, ಮನಸ್ನಾಗೇ ಓದ್ಕೊಂಡ್ರೆ ನಮ್ಮ ಗತಿ ಏನು? ಹೋದ ತಿಂಗ್ಳಿಂದ ಆ ನಂಜುಂಡ ಕೈ ತೊಳ್ಕೊಂಡು ತಟ್ಟೆ ಮುಂದೆ ಕೂತವ್ನೆ. ಜಾವಗಲ್ ಬರೋದ್ರೊಳಗೆ ಅವನಿಗೊಂದು ತುತ್ತು ಉಣ್ಸಿ, ನಾನು ಇಳೀಬೇಕು."

"ಹೌದು ಮೇಡಂ. ಇವರು ಬರೋವರ್ಗೂ ಓದಲ್ಲ ಅಂತ ತಿಂಗ್ಳೆಲ್ಲ ಸತಾಯಿಸಿದ್ರಿ" ಎಂದು ರವಿಕುಮಾರ್ ಟಿಕೆಟ್ ಕೊಡುವುದು ಬಿಟ್ಟು ಅಲ್ಲೇ ಕಂಬಿಗೆ ಒರಗಿದ.

ಹನುಮಮ್ಮನ ಕನ್ನಡಕದ ಕೆಳಗಿನಿಂದ ಒಂದು ಹನಿ ಜಾರಿ ಪುಟದ ಮೇಲೆ ಬಿತ್ತು. ಅರುಣಾ ಅವಳ ಕಿವಿಯ ಹತ್ತಿರ ಬಗ್ಗಿದಳು.

"ತಪ್ಪಾಯ್ತು ಕಣೇ. ಆ ಪುಟ ಓದೋಕೆ ನನ್ನ ಕೈಲಿ ಆಗ್ಲಿಲ್ಲ. ನಿನಗೆ ಗೊತ್ತಾಗೋದೇ ಬೇಡ ಅಂದ್ಕೊಂಡೆ."

"ನಂಗೇನು ಗೊತ್ತಿರ್ಲಿಲ್ಲ ಅಂದ್ಕೊಂಡಿದ್ಯಾ?" ಹನುಮಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಲೇ, ಒಂದ್ ಕಲ್ಲು ಕಮ್ಮಿ ಅನ್ನೋ ಗಂಡಸು ಈ ಸೀಮೇಲಿ ಇದ್ದಿದ್ದು ಒಬ್ರೇ. ಭಾನುವಾರ ಭಾನುವಾರ ನಮ್ಮನೇಲಿ ಉಂಡು, ನಮ್ಮೋರ ಮಾತನ್ನ ಕದ್ಕೊಂಡು ಬಂದು ಬಸ್ಸಿಗೆಲ್ಲ ಹಂಚ್ತಾ ಇದ್ದೀಯ."

ಅರುಣಾಗೆ ಅದು ಆಗಲೇ ಹೊಳೆದದ್ದು. ಆ ಮಾತು ತನ್ನ ಬಾಯಿಗೆ ಎಲ್ಲಿಂದ ಬಂತು ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ. ಭರಣಿಗೆ ಚಾಚುತ್ತಿದ್ದ ಕೈಯೂ ರಾಮಣ್ಣನದೇ, ಸಾರು ಚೆನ್ನಾಗಿದ್ದ ದಿನವೂ ಹೆಂಡತಿಯನ್ನು ರೇಗಿಸಲೆಂದೇ ಕಲ್ಲುಪ್ಪು ಕೇಳುತ್ತಿದ್ದ ನಗುವೂ ಅವನದೇ.

"ಗೊತ್ತಿದ್ದೂ ಪುಸ್ತಕ ಯಾಕೆ ಕಿತ್ಕೊಂಡೆ ಮತ್ತೆ?"

"ಇದ್ರಾಗೂ ಎಲ್ಲಾದ್ರೂ ಇದ್ದಾರೇನೋ ಅನ್ನೋ ಆಸೆ ಕಣೇ. ಕಣ್ಣು ಬಂತಲ್ಲ, ನಾನೇ ಒಂದ್ಸಲ ನೋಡಾನ ಅಂತ." ಹನುಮಮ್ಮ ಪುಟದ ಮೇಲೆ ಬೆರಳಾಡಿಸಿದಳು. "ಇಲ್ಲಿಲ್ಲ. ಇಲ್ಲಿರೋದು ಬರೀ ಫೋಟೋ."

"ಏನ್ರಮ್ಮಾ ನಿಮ್ಮ ಗುಸುಗುಸು?" ಗಿಡ್ಡಯ್ಯ ಚೀಲ ಹೆಗಲಿಗೇರಿಸಿಕೊಂಡು ಎದ್ದೇ ಬಿಟ್ಟಿದ್ದ. "ಅಕಾ ನೋಡಿ, ನಮ್ಮೂರು ಕಾಣ್ತಾ ಐತೆ."

ರವಿಕುಮಾರ್ ಮುಂದಕ್ಕೆ ಹೋಗಿ ಡ್ರೈವರನ ಕಿವಿಯಲ್ಲಿ ಏನೋ ಹೇಳಿದ. ಖಾಲಿ ರಸ್ತೆಯಲ್ಲಿ ಬಸ್ಸು ನಿಧಾನವಾಯಿತು.

ಹನುಮಮ್ಮ ಪುಸ್ತಕ ಮುಚ್ಚಿ ಅರುಣಾಳ ಮಡಿಲಲ್ಲಿಟ್ಟಳು. ಹೊಸ ಕನ್ನಡಕವನ್ನು ಬಿಚ್ಚಿ, ಒರೆಸಿ, ಡಬ್ಬಿಯೊಳಗೆ ಹಾಕಿ ಟಪ್ಪೆಂದು ಮುಚ್ಚಿದಳು. ಆಮೇಲೆ ಸೀಟಿಗೊರಗಿ ಕಣ್ಣು ಮುಚ್ಚಿಕೊಂಡಳು.

"ಓದೇ, ಸಾರು ಆರೋಯ್ತಾ ಐತೆ."