ಎಡಕ್ಕೆ ವಾಲಿಸಿದ ಎಂಜಿನ್

ಹದಿನೇಳನೇ ಕಿಕ್ಕಿಗೂ ಎಂಜಿನ್ ಕೆಮ್ಮಿ ಸುಮ್ಮನಾಯಿತು. ತೀರಿಹೋದ ಅಣ್ಣನ ಬೈಕಿನಿಂದ ಅದನ್ನು ಬಿಚ್ಚಿ, ರೊಟ್ಟಿಹಿಟ್ಟು ನಾದುವ ಡ್ರಮ್ಮಿಗೆ ಜೋಡಿಸಿದವನು ಭಾಗ್ಯಾಳ ಮೈದುನ ಆನಂದ; ಹೆಡ್‌ಲೈಟನ್ನೂ ಬಿಟ್ಟಿರಲಿಲ್ಲ. ಸಂಜೆಯೊಳಗೆ ಮದುವೆಮನೆಗೆ ಸಾವಿರ ರೊಟ್ಟಿ ಮುಟ್ಟಬೇಕಿತ್ತು. ಅವಳ ಮೊದಲ ಆರ್ಡರು. ತಪ್ಪಿದರೆ ಕುಳಗೇರಿ ಕ್ರಾಸಿನಲ್ಲಿ ಇನ್ಯಾರೂ ಅವಳನ್ನು ನಂಬುವುದಿಲ್ಲ.

"ಚಾಲೂ ಆದ್ರ ಮೂರನೇ ಗೇರಿಗೆ ಹಾಕಬ್ಯಾಡೋ, ಹಿಟ್ಟು ಬಾದಾಮಿಗೆ ಹೋಗಿ ಬೀಳ್ತೈತಿ," ಎಂದಳು ನೆರೆಮನೆಯ ಪದ್ಮವ್ವ. ಯಾರೂ ನಗಲಿಲ್ಲ.

"ವೈನಿ, ಇದು ಅಣ್ಣನ ಮಾತಷ್ಟ ಕೇಳ್ತಿತ್ರಿ," ಎಂದು ಆನಂದ ಕೈಚೆಲ್ಲಿದ.

ಭಾಗ್ಯಾ ಎದ್ದಳು. ಗಂಡ ಹೋದ ಈ ಆರು ತಿಂಗಳಿಂದ ಒಲೆಯ ಮುಂದೆ ಕೂತರೂ ಅವಳ ಮೈ ಬೆಚ್ಚಗಾಗಿರಲಿಲ್ಲ. ಅವನು ದಿನಾ ಬೆಳಿಗ್ಗೆ ಬೈಕನ್ನು ಎಡಕ್ಕೆ ವಾಲಿಸಿ, ಸೊಂಟಕ್ಕೆ ಆನಿಸಿಕೊಂಡು, ಹತ್ತು ಎಣಿಸಿ ಕಿಕ್ ಹೊಡೆಯುತ್ತಿದ್ದ. ಅವಳು ಎಂಜಿನ್ ಕೂರಿಸಿದ್ದ ಕಬ್ಬಿಣದ ಚೌಕಟ್ಟನ್ನು ತಬ್ಬಿ, ಹಾಗೆಯೇ ತನ್ನತ್ತ ವಾಲಿಸಿಕೊಂಡಳು. ಹತ್ತು ಎಣಿಸಿದಳು.

"ಈಗ ಹೊಡಿ."

ಎಂಜಿನ್ ಗುಡುಗಿತು. ಡ್ರಮ್ಮು ತಿರುಗಿತು. ಹಾಡುಹಗಲಲ್ಲಿ ಹೆಡ್‌ಲೈಟು ಹಿಟ್ಟಿನ ಮೇಲೆ ಬೆಳಕು ಚೆಲ್ಲಿತು. ಪದ್ಮವ್ವ ಬಿದ್ದು ಬಿದ್ದು ನಕ್ಕಳು.

"ಸಾಕ್ ಬಿಡ್ರಿ ವೈನಿ, ಸುಡ್ತೈತಿ!" ಆನಂದ ಕೂಗಿದ.

ಭಾಗ್ಯಾ ತಬ್ಬಿದ ಕೈ ಸಡಿಲಿಸಲಿಲ್ಲ.

"ತಡಿಯೋ," ಎಂದಳು, "ಈಗಷ್ಟ ಬೆಚ್ಚಗಾಗಾಕತ್ತೈತಿ."