ನಗದ ಫೋಟೋ

ಫೋನಿನಲ್ಲಿ ತೆಗೆದ ಮುಖಗಳೆಲ್ಲ ತಾವಾಗಿಯೇ ನಗತೊಡಗಿ ಇಪ್ಪತ್ತು ವರ್ಷವಾಗಿತ್ತು. ಅಳುವವರೂ ಜಗಳಾಡುವವರೂ ಫೋಟೋದಲ್ಲಿ ಹಲ್ಲು ಬಿಟ್ಟುಕೊಂಡೇ ಇರುತ್ತಿದ್ದರು. ಯಾರಿಗೂ ಅದು ವಿಶೇಷ ಅನ್ನಿಸುತ್ತಿರಲಿಲ್ಲ. ಹುಬ್ಬಳ್ಳಿಯ ಫಕೀರಪ್ಪ ಬಡಿಗೇರನ ಹತ್ತಿರ ಮಾತ್ರ ಅಜ್ಜನ ಕಾಲದ ರೀಲಿನ ಕ್ಯಾಮೆರಾ ಇತ್ತು. ಅದಕ್ಕೆ ನಗಿಸಲು ಬರುತ್ತಿರಲಿಲ್ಲ. ಅವನು ವಾರವಾರ ಸಂತೆಯಲ್ಲಿ ನಿಂತು, ಗುರುತಿಲ್ಲದವರ ಫೋಟೋವನ್ನು ಅವರನ್ನು ಕೇಳದೆಯೇ ತೆಗೆಯುತ್ತಿದ್ದ. ಆ ಸಿಡುಕು ಮೋರೆಗಳನ್ನು ಯಾರೂ ಕೇಳಿಕೊಂಡು ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ನೀಲವ್ವ ಎಂಬ ಹೆಂಗಸು ಅವನ ಮನೆ ಹುಡುಕಿಕೊಂಡು ಬಂದಳು.

"ನಮ್ಮವ್ವ ತೀರಿಕೊಂಡು ಒಂಬತ್ತು ದಿನ ಆತ್ರಿ. ಹೋದ ದೀಪಾವಳ್ಯಾಗ, ಸಂತ್ಯಾಗ ಯಾವನೋ ಫೋಟೋ ಹೊಡದ ಅಂತ ಬೈಕೋಂತ ಬಂದಿದ್ಲು. ಅವ ನೀವ ಏನ್ರಿ?"

"ಮನ್ಯಾಗ ಫೋಟೋ ಇಲ್ಲೇನ್ರಿ?"

"ನಾಕು ಸಾವಿರ ಅದಾವ. ಎಲ್ಲಾದ್ರಾಗೂ ನಗಾಕತ್ಯಾಳ. ಅಕಿ ಜನ್ಮದಾಗ ನಕ್ಕಾಕಿ ಅಲ್ರಿ. ಹಾರ ಹಾಕಿದ್ರ ಯಾರದೋ ಅವ್ವಗ ಹಾಕಿದಂಗ ಆಗತೈತಿ."

ಫಕೀರಪ್ಪ ದೀಪಾವಳಿಯ ರೀಲುಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು, ಅವಳಿಗೆ ತೋರಿಸುತ್ತ ಹುಡುಕಿದ. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ದೊಡ್ಡದಾಗಿ ಪ್ರಿಂಟ್ ಹಾಕಿ ಒಣಗಿಸಿ ಕೊಟ್ಟ. ಹುಬ್ಬು ಗಂಟಿಕ್ಕಿದ ಮುದುಕಿಯೊಬ್ಬಳು ಬದನೆಕಾಯಿಯನ್ನು ವ್ಯಾಪಾರಿಯ ಮೂಗಿಗೆ ಹಿಡಿದು ಹುಳ ತೋರಿಸುತ್ತಿದ್ದಳು.

"ಇಕೀನ ನಮ್ಮವ್ವ," ಎಂದು ನೀಲವ್ವ ಒಂಬತ್ತು ದಿನದಲ್ಲಿ ಮೊದಲ ಸಲ ಬಾಯಿಬಿಟ್ಟು ಅತ್ತಳು.

ಹನ್ನೊಂದನೆಯ ದಿನದ ಊಟಕ್ಕೆ ಫಕೀರಪ್ಪನಿಗೂ ಕರೆ ಬಂತು. ಅವನು ಹೋದಾಗ ಮುದುಕಿ ಪಡಸಾಲೆಯ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ದುರುಗುಟ್ಟುತ್ತಿದ್ದಳು. ಒಳಗೆ ಬಂದ ಹಿರಿಯ ಮಗ ತಲೆಯೆತ್ತಿ ನೋಡಿದವನೇ, ಸರ್ರನೆ ಹೊರಗೆ ಹೋಗಿ ಬಾಯಲ್ಲಿದ್ದ ಗುಟ್ಕಾ ಉಗುಳಿ ಬಂದ.